ಸಿಗರೇಟು ಪ್ಯಾಕಿನ ಅನ್ನಪೂರ್ಣೆ

ನಮ್ಮ ಮನೆಯಲ್ಲಿ ಅನ್ನಕ್ಕಿಡುವ ಮುಂಚೆ ಒಂದು ಹಿಡಿ ಅಕ್ಕಿಯನ್ನು ಅನ್ನಪೂರ್ಣೆಯ ಮುಂದಿಟ್ಟು ಕೈಮುಗಿಯಬೇಕು. ಆಮೇಲೆ ಆ ಹಿಡಿಯನ್ನು ಉಳಿದ ಅಕ್ಕಿಗೆ ಬೆರೆಸಿ, ತೊಳೆದು, ಕುಕ್ಕರಿಗೆ ಹಾಕಬೇಕು. ಇದು ಅಮ್ಮನ ಕಟ್ಟಳೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ದೇವರ ವಿಷಯದಲ್ಲಿ ನನ್ನದು ಅರ್ಧ ಮನಸ್ಸು. ಆದರೂ ಎಷ್ಟೇ ಅವಸರವಿದ್ದರೂ ಆ ಹಿಡಿ ಅಕ್ಕಿಯನ್ನು ತಪ್ಪಿಸಿದವಳಲ್ಲ. ತಪ್ಪಿಸಿದರೆ ದೇವಿ ಏನು ಮಾಡುತ್ತಾಳೋ ಎಂಬ ಭಯವಲ್ಲ, ಅಮ್ಮ ಏನನ್ನುತ್ತಾಳೋ ಎಂಬ ಭಯ.

ಅನ್ನಪೂರ್ಣೆ ಎಂದರೆ ವಿಗ್ರಹವಲ್ಲ, ಒಂದು ಚಿತ್ರ. ಅದೂ ಇಸ್ಪೀಟು ಎಲೆಗಿಂತ ಚಿಕ್ಕದು. ಕೈಯಲ್ಲಿ ಸೌಟು ಹಿಡಿದು ಕೂತ ದೇವಿ, ಎದುರಿಗೆ ಕಪಾಲ ಚಾಚಿ ನಿಂತ ಶಿವ, ಹಿಂದೆ ಒಂದು ನದಿ, ಮೆಟ್ಟಿಲುಗಳು. ಸುತ್ತ ಅಂಗೈ ಅಗಲದ ಕೆಂಪು ಮಖಮಲ್ಲು, ಅದರಾಚೆ ತೇಗದ ಚೌಕಟ್ಟು, ಮೇಲೆ ಗಾಜು. ಚಿತ್ರ ಇಷ್ಟೇ ಇಷ್ಟು, ಚೌಕಟ್ಟು ಊರಗಲ. ಮನೆಗೆ ಬಂದವರು ಬಗ್ಗಿ ನೋಡಿ, "ಎಷ್ಟು ಮುದ್ದಾಗಿದೆ, ಎಲ್ಲಿ ಸಿಕ್ತು?" ಎಂದು ಕೇಳುವರು. ಅಮ್ಮನ ಉತ್ತರ ಯಾವಾಗಲೂ ಒಂದೇ: "ನಮ್ಮಪ್ಪ ಕಾಶಿಯಿಂದ ತಂದಿದ್ದು."

ಮದುವೆಯಾಗಿ ಬರುವ ಹೆಣ್ಣು ತವರಿನಿಂದ ಅನ್ನಪೂರ್ಣೆಯನ್ನು ತರುವುದು ನಮ್ಮಲ್ಲಿ ಪದ್ಧತಿ. ಅಕ್ಕಿ ತುಂಬಿದ ಬಟ್ಟಲಿನಲ್ಲಿ ಕೂರಿಸಿ ಕಳಿಸುತ್ತಾರೆ. ಉಳ್ಳವರು ಬೆಳ್ಳಿಯದು ಕೊಡುತ್ತಾರೆ, ಇಲ್ಲದವರು ಹಿತ್ತಾಳೆಯದು. ಅಮ್ಮನ ತವರಿಗೆ ಹಿತ್ತಾಳೆಯದನ್ನು ಕೊಡುವ ಶಕ್ತಿ ಖಂಡಿತ ಇತ್ತು. ಆದರೆ ಅಜ್ಜಿ ಹಟ ಹಿಡಿದು ಈ ಚಿತ್ರವನ್ನೇ ಕೊಟ್ಟಳಂತೆ. ಅದರ ಹಿಂದೆ ಒಂದು ಕಥೆಯಿತ್ತು. ಅದನ್ನು ಅಮ್ಮ ನನಗೆ ಹೇಳಿದವಳಲ್ಲ. ಹೇಳಿದ್ದು ನಮ್ಮ ಸೋದರತ್ತೆ. ಬೇರೆಯವರ ಮನೆಯ ದೋಸೆಯ ತೂತು ಎಣಿಸುವುದರಲ್ಲಿ ಆಕೆ ಎತ್ತಿದ ಕೈ.

ಅಜ್ಜನದು ಬಳೇಪೇಟೆಯಲ್ಲಿ ಬಳೆ ಮತ್ತು ಕುಂಕುಮದ ಅಂಗಡಿ. ದಿನಾ ವಿಭೂತಿ ಇಟ್ಟು ಅಂಗಡಿ ತೆರೆಯುವ ಮನೆತನ. ಅಮ್ಮ ಇನ್ನೂ ಅಜ್ಜಿಯ ಹೊಟ್ಟೆಯಲ್ಲಿದ್ದಾಗ ಅಜ್ಜ ಒಂದು ದಿನ, "ಕಾಶಿಗೆ ಹೋಗ್ಬರ್ತೀನಿ" ಎಂದು ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಹೊರಟುಬಿಟ್ಟನಂತೆ. ಬಸುರಿ ಹೆಂಡತಿಯನ್ನು ಬಿಟ್ಟು ಯಾರಾದರೂ ಯಾತ್ರೆ ಹೋಗುತ್ತಾರೆಯೇ? ಅವನು ಮರಳಿ ಬರುವ ಹೊತ್ತಿಗೆ ಅಮ್ಮ ಹುಟ್ಟಿ, ಅಂಬೆಗಾಲಿಡುತ್ತಿದ್ದಳು. ಕಾಶಿಗೆ ಹೋಗಿ ಬಂದವರು ಗಂಗೆ ತುಂಬಿದ ಗಿಂಡಿ ತರುತ್ತಾರೆ, ಕಾಶಿದಾರ ತರುತ್ತಾರೆ, ಗಂಗೆ ಪೂಜೆ ಮಾಡಿ ನಾಲ್ಕು ಜನಕ್ಕೆ ಊಟ ಹಾಕುತ್ತಾರೆ. ಅಜ್ಜ ಗಂಗೆಯನ್ನೂ ತರಲಿಲ್ಲ, ಊಟವನ್ನೂ ಹಾಕಿಸಲಿಲ್ಲ. ರೈಲಿನಲ್ಲಿ ಗಂಟು ಕಳುವಾಯಿತು ಎಂದನಂತೆ. ಜೇಬಿನಲ್ಲಿದ್ದ ಈ ಚಿತ್ರವೊಂದೇ ಉಳಿದದ್ದು.

ಪೇಟೆ ಬಿಡುತ್ತದೆಯೇ? ಅಜ್ಜ ಕಾಶಿಗೂ ಹೋಗಿಲ್ಲ, ರಾಮೇಶ್ವರಕ್ಕೂ ಹೋಗಿಲ್ಲ, ದಂಡಿನಲ್ಲೇ ಇದ್ದ ಎಂದು ಮಾತಾಯಿತು. ದಂಡು ಎಂದರೆ ಕಂಟೋನ್ಮೆಂಟು, ಪೇಟೆಯ ಹಳಬರ ಬಾಯಲ್ಲಿ. ಅಲ್ಲಿ ಯಾರದೋ ಮನೆಯಲ್ಲಿ ಇನ್ನೊಂದು ಸಂಸಾರ ಹೂಡಿದ್ದ, ಅದು ಮುರಿದುಬಿದ್ದ ಮೇಲೆ ಬಾಲ ಮುದುರಿಕೊಂಡು ಬಂದ ಎಂದು ಅವರಿವರು ಆಡಿಕೊಂಡರು. ಅಜ್ಜಿ ಯಾರ ಜೊತೆಗೂ ಜಗಳಕ್ಕೆ ಹೋಗಲಿಲ್ಲ. ಚಿತ್ರಕ್ಕೆ ಊರಗಲದ ಚೌಕಟ್ಟು ಹಾಕಿಸಿ, ಬಂದವರಿಗೆಲ್ಲ ಕಾಣುವ ಹಾಗೆ ನಡುಮನೆಯಲ್ಲಿ ತೂಗುಹಾಕಿದಳು. "ನಮ್ಮೆಜಮಾನ್ರು ಕಾಶಿಯಿಂದ ತಂದಿದ್ದು." ಅಜ್ಜಿಯ ಮಾನವೆಲ್ಲ ಆ ಒಂದು ತುಂಡು ಕಾಗದದ ಮೇಲೆ ನಿಂತಿತ್ತು. ಅಜ್ಜಿಯ ನಂತರ ಅಮ್ಮನದೂ ಅದರ ಮೇಲೇ ನಿಂತಿದೆ ಎಂದು ನಾನು ತಿಳಿದಿದ್ದೆ.

ಅಜ್ಜನನ್ನು ನಾನು ನೋಡಿದ ನೆನಪಿಲ್ಲ. ನಾನು ಕೈಕೂಸಾಗಿದ್ದಾಗ ತೀರಿಕೊಂಡನಂತೆ. ಅಮ್ಮ ಅವನ ಬಗ್ಗೆ ಹೆಚ್ಚು ಮಾತಾಡಿದ್ದೇ ಇಲ್ಲ. ತಂದೆಯನ್ನು ಬಹಳ ಹಚ್ಚಿಕೊಂಡವರು ಹಾಗೇ, ಬಾಯಿಬಿಟ್ಟರೆ ಕಣ್ಣೀರು ಬರುತ್ತದೆಂದು ಸುಮ್ಮನಿರುತ್ತಾರೆ ಎಂದುಕೊಂಡಿದ್ದೆ.

ಕಳೆದ ಮಳೆಗಾಲದಲ್ಲಿ ನಮ್ಮ ಚಾಮರಾಜಪೇಟೆಯ ಮನೆಯ ಅಡುಗೆಮನೆ ಗೋಡೆಗೆ ತೇವ ಏರಿ, ಹಿಂದೆಯೇ ಗೆದ್ದಲು ಬಂತು. ದೀಪಾವಳಿಗೆ ದೇವರ ಗೂಡು ಒರೆಸುವಾಗ ನೋಡುತ್ತೇನೆ, ತೇಗದ ಚೌಕಟ್ಟಿನ ಹಿಂದಿನ ಹಲಗೆ ಬೆರಳು ತಾಗಿದರೆ ಪುಡಿಯಾಗುತ್ತಿದೆ. ನನ್ನ ಜೀವ ಬಾಯಿಗೆ ಬಂತು. ಹಲಗೆಯಾದ ಮೇಲೆ ಚಿತ್ರವೇ ತಾನೆ? ಬಳೇಪೇಟೆಯಲ್ಲಿ ದೇವರ ಪಟಗಳಿಗೆ ಚೌಕಟ್ಟು ಹಾಕುವ ಅಂಗಡಿ ನನಗೆ ಗೊತ್ತಿತ್ತು. ಕೊಟ್ಟು ಬರುತ್ತೇನೆ ಎಂದರೆ ಅಮ್ಮ ಒಪ್ಪಲಿಲ್ಲ.

"ಅನ್ನಪೂರ್ಣೆನ ಒಬ್ಬಳನ್ನೇ ಕಳಿಸಲ್ಲ. ನಾನೂ ಬರ್ತೀನಿ."

"ಅಮ್ಮ, ಎಂಬತ್ತೇಳು ವರ್ಷ ನಿಂಗೆ. ಬಳೇಪೇಟೆಲಿ ಕೈಗಾಡಿ ಮಧ್ಯೆ ನಾನೇ ನಡೆಯಕ್ಕಾಗಲ್ಲ."

"ನಾನು ಹುಟ್ಟಿದ ಗಲ್ಲಿ ಕಣೆ ಅದು. ನಂಗೆ ನಡೆಯೋದು ಹೇಳ್ಕೊಡ್ತೀಯಾ?"

ಆಟೋದವನು ಗಲ್ಲಿಯ ಬಾಯಲ್ಲೇ ಇಳಿಸಿಬಿಟ್ಟ. ಒಂದು ಕೈಯಲ್ಲಿ ಅಮ್ಮ, ಇನ್ನೊಂದು ಕೈಯಲ್ಲಿ ಬೆಡ್‌ಶೀಟು ಸುತ್ತಿದ ಅನ್ನಪೂರ್ಣೆ. ಸ್ಕೂಟರುಗಳು ಅಮ್ಮನ ಸೆರಗು ಸವರಿಕೊಂಡೇ ಹೋಗುತ್ತಿದ್ದವು. ಹಗ್ಗ ಕಂಡರೂ ಹಾವು ಎನ್ನುವ ಜಾತಿ ನನ್ನದು. ಅಮ್ಮ ಬಿದ್ದು ಸೊಂಟ ಮುರಿದು, ಗಾಜು ಒಡೆದು, ದೇವಿ ಚರಂಡಿಗೆ ಬಿದ್ದು, ಎಲ್ಲವೂ ಆಗಿಹೋದ ಹಾಗೆ ಕಣ್ಣ ಮುಂದೆ ಬರುತ್ತಿತ್ತು. ಅಮ್ಮ ಮಾತ್ರ ಅಂಗಡಿಯ ಸ್ಟೂಲಿನ ಮೇಲೆ ಕೂತು, ಮದುವೆ ಮನೆಗೆ ಬಂದವಳ ಹಾಗೆ ಸೀರೆ ಸರಿಮಾಡಿಕೊಂಡಳು.

ಅಂಗಡಿಯವರು ಚೌಕಟ್ಟು ಬಿಚ್ಚಿದರು. ಮಖಮಲ್ಲು ತೆಗೆದರು. ಚಿತ್ರವನ್ನು ರಟ್ಟಿಗೆ ಮೈದಾ ಅಂಟಿನಿಂದ ಅಂಟಿಸಲಾಗಿತ್ತು. ಒಣಗಿದ ಅಂಟು ಒಂದು ಮೂಲೆಯಲ್ಲಿ ತಾನಾಗಿಯೇ ಬಿಟ್ಟುಕೊಂಡಿತ್ತು. ಅವರು ತೆಳ್ಳನೆಯ ಚಾಕು ತೂರಿಸಿ ಮೆಲ್ಲಗೆ ಎಬ್ಬಿಸಿದಾಗ, ರಟ್ಟಿನ ಕಂದು ಕಾಗದವೂ ಸೇರಿಕೊಂಡೇ ಚಿತ್ರ ಎದ್ದು ಬಂತು. ಹಿಂದೆ ಮುಕ್ಕಾಲು ಭಾಗ ಆ ಕಂದು ಕಾಗದ. ಅಂಟು ಬಿಟ್ಟಿದ್ದ ಮೂಲೆಯಲ್ಲಿ ಮಾತ್ರ ನೀಲಿ ಇಂಗ್ಲಿಷ್ ಅಕ್ಷರ. ಅವರು ಕನ್ನಡಕ ಏರಿಸಿ ಓದಿದರು.

"ಸಿಗರೇಟು ಅಂತ ಇದೆಯಲ್ಲ ಮೇಡಂ. ಓ, ಇದು ಸಿಗರೇಟ್ ಕಾರ್ಡು. ಹಿಂದೆ ಸಿಗರೇಟ್ ಪ್ಯಾಕ್ ಒಳಗೆ ಇಂಥ ಒಂದೊಂದು ಚಿತ್ರ ಇಟ್ಟು ಮಾರ್ತಿದ್ರು. ದೇವ್ರದು, ರಾಜರದು, ಹಕ್ಕಿದು. ಜನ ಕೂಡಿಡೋರು."

ನಾನು ಅವರಿಗೆ ಕಣ್ಸನ್ನೆ ಮಾಡುವಷ್ಟರಲ್ಲಿ ಮಾತು ಮುಗಿದಿತ್ತು. ಅಮ್ಮನಿಗೆ ಕಿವಿ ಚೆನ್ನಾಗಿ ಕೇಳುತ್ತದೆ. ಅವಳು ಕೈ ಚಾಚಿ ಚಿತ್ರವನ್ನು ತೆಗೆದುಕೊಂಡು, ಮುಂದೆ ನೋಡಿದಳು, ಹಿಂದೆ ನೋಡಿದಳು. ಮುಖದಲ್ಲಿ ಏನೋ ಒಂದು ಹಾದುಹೋಯಿತು. ಎದೆ ಒಡೆದರೆ ಮನುಷ್ಯರ ಮುಖ ಹಾಗೇ ಆಗುತ್ತದೆ ಎಂದು ನನಗನ್ನಿಸಿತು.

"ಇದು ಯಾವೂರಲ್ಲಿ ಮಾರಿದ್ದು ಅಂತ ಗೊತ್ತಾಗುತ್ತೇನಪ್ಪ?" ಎಂದು ಕೇಳಿದಳು.

"ನಂಗೊತ್ತಿಲ್ಲಮ್ಮ. ಮಲ್ಲೇಶ್ವರದಲ್ಲಿ ಒಬ್ರು ಹಿರೀರಿದಾರೆ. ಬೆಂಕಿಪೊಟ್ಟಣದ ಲೇಬಲ್ಲು, ಸಿಗರೇಟ್ ಕಾರ್ಡು, ಇಂಥವೇ ಸೇರಿಸಿದಾರೆ. ಫ್ರೇಮಿಗೆ ನಮ್ಮಲ್ಲೇ ಬರ್ತಾರೆ. ನಂಬರ್ ಕೊಡ್ತೀನಿ, ಅವರನ್ನ ಕೇಳಿ ನೋಡಿ."

ಮನೆಗೆ ಬಂದ ಮೇಲೆ ಅಮ್ಮ ಚಿತ್ರವನ್ನು ಒಂದು ಹಳೆಯ ಮದುವೆ ಕಾಗದದ ಕವರಿನೊಳಗೆ ಹಾಕಿ ನನ್ನ ಕೈಗಿತ್ತಳು. "ಅವರತ್ರ ಹೋಗು. ಇದು ಎಲ್ಲೀದು ಅಂತ ತಿಳ್ಕೊಂಡು ಬಾ. ಉತ್ತರದ ಕಡೆದೋ, ಇಲ್ಲೇ ದಂಡಲ್ಲಿ ಸಿಕ್ಕಿದ್ದೋ. ಅಲ್ಲೀವರೆಗೂ ಅವಳನ್ನ ಗೂಡಲ್ಲಿ ಕೂರಿಸೋದು ಬೇಡ."

"ಎಲ್ಲೀದಾದ್ರೇನಮ್ಮ? ಅರವತ್ತು ವರ್ಷಕ್ಕಿಂತ ಜಾಸ್ತಿ ಪೂಜೆ ಮಾಡಿದೀಯ."

"ಅವಳು ಎಲ್ಲಿಂದ ಬಂದ್ರೂ ಅನ್ನಪೂರ್ಣೆನೇ. ಅದು ಬೇರೆ ಮಾತು."

ದಂಡು ಎಂಬ ಮಾತು ಅಮ್ಮನ ಬಾಯಲ್ಲಿ ಬಂದದ್ದು ಅದೇ ಮೊದಲು. ಊರವರ ಮಾತು ಅವಳ ಕಿವಿಗೆ ಬಿದ್ದೇ ಇಲ್ಲ ಎಂದು ನಂಬಿಕೊಂಡಿದ್ದ ನನ್ನ ದಡ್ಡತನಕ್ಕೆ ಏನು ಹೇಳಲಿ! ಅಲ್ಲೇ ಹುಟ್ಟಿ, ಅಲ್ಲೇ ಬೆಳೆದು, ಆ ಮಾತುಗಳ ಮಧ್ಯೆಯೇ ಲಂಗ ಉಟ್ಟು ಓಡಾಡಿದವಳು. ಕೇಳದೆ ಇರುತ್ತಾಳೆಯೇ?

ಅನ್ನಪೂರ್ಣೆ ಗೂಡಿನಲ್ಲಿಲ್ಲ ಎಂದರೆ ಹಿಡಿ ಅಕ್ಕಿ ಇಡುವ ಹಾಗಿಲ್ಲ. ಹಿಡಿ ಅಕ್ಕಿ ಇಡದೆ ಅಮ್ಮ ಅನ್ನ ಮುಟ್ಟುವುದಿಲ್ಲ. ಸಕ್ಕರೆ ಕಾಯಿಲೆಗೆ ಅನ್ನ ಬಿಡಿ ಎಂದು ಡಾಕ್ಟರು ಬೇಡಿಕೊಂಡು ಸುಸ್ತಾಗಿದ್ದರು. ಆಗ ಬಿಡದ ಅನ್ನವನ್ನು ಈಗ ಒಂದೇ ಮಾತಿಗೆ ಬಿಟ್ಟಳು. ರವೆ ಗಂಜಿ, ಅರ್ಧ ಚಪಾತಿ, ಮತ್ತೆ ರವೆ ಗಂಜಿ. ಅನ್ನವಿಲ್ಲದ ಊಟ ಊಟವೇ ಅಲ್ಲ ಎನ್ನುವ ಜೀವ ಅದು, ಎರಡು ತುತ್ತಿಗೆ ತಟ್ಟೆ ಸರಿಸುತ್ತಿತ್ತು. ಬರಬರುತ್ತ ಕುರ್ಚಿಯಿಂದ ಏಳುವಾಗ ಮೇಜು ಹಿಡಿದುಕೊಳ್ಳತೊಡಗಿದಳು. ನಮ್ಮ ಯಜಮಾನರು ಒಂದೆರಡು ದಿನ ಧರ್ಮಸಂಕಟದಿಂದ ಚಪಾತಿ ತಿಂದು, ಆಮೇಲೆ ಸಂಜೆ ವಾಕಿಂಗ್ ನೆಪದಲ್ಲಿ ವಿಶ್ವೇಶ್ವರಪುರಂ ತಿಂಡಿ ಬೀದಿಗೆ ಹೋಗಿ ಹೊಟ್ಟೆ ತುಂಬಿಸಿಕೊಂಡು ಬರತೊಡಗಿದರು.

ಮಲ್ಲೇಶ್ವರದ ಹಿರಿಯರಿಗೆ ಫೋನ್ ಮಾಡಿದರೆ, ಮಗಳ ಮನೆ ಮೈಸೂರಿನಲ್ಲಿ, ವಾರ ಬಿಟ್ಟು ಬರುತ್ತೇನೆ ಎಂದರು. ಆ ವಾರ ನನಗೆ ನಿದ್ದೆಯಿಲ್ಲ. ಮೊಬೈಲಿನಲ್ಲಿ ಹುಡುಕಿದೆ. ವಿಲಾಯಿತಿಯ ಕಾರ್ಡುಗಳು, ಹಡಗುಗಳು, ಕ್ರಿಕೆಟ್ ಆಟಗಾರರು, ಹೂಗಳು ಎಷ್ಟು ಬೇಕೋ ಅಷ್ಟು ಸಿಕ್ಕವು. ಪ್ಯಾಕು ಬಾಗದಿರಲಿ ಎಂದು ಒಳಗಿಟ್ಟ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದ್ದೇ ಇದರ ಮೂಲ ಎಂದು ಗೊತ್ತಾಯಿತು. ಬೇರೆ ಬೇರೆ ಸೀಮೆಗೆ ಬೇರೆ ಬೇರೆ ಭಾಷೆಯಲ್ಲಿ ಹಿಂಬದಿ ಅಚ್ಚಾಗುತ್ತಿತ್ತು ಎಂಬುದೂ ಗೊತ್ತಾಯಿತು. ಅದನ್ನು ಓದಿದ ಮೇಲೆ ಇದ್ದ ನೆಮ್ಮದಿಯೂ ಹೋಯಿತು. ಅಂದರೆ ಆ ಕಂದು ಕಾಗದದ ಕೆಳಗೆ ಉತ್ತರ ಇದ್ದೇ ಇದೆ. ನನ್ನ ಅಜ್ಜ ಸುಳ್ಳುಗಾರನೋ ಅಲ್ಲವೋ ಎನ್ನುವುದು ಅಲ್ಲಿ ಬರೆದಿಟ್ಟ ಹಾಗೆ.

ಬುದ್ಧಿ ಹೇಳುತ್ತಿತ್ತು, ದಂಡಿನದೇ ಎಂದು. ಸಿಗರೇಟು ಎಂದರೆ ಆ ಕಾಲಕ್ಕೆ ದಂಡೇ. ಪೇಟೆಯವರು ಬೀಡಿ, ನಶ್ಯದ ಜನ. ಮಡಿ ಉಟ್ಟು ಕಾಶಿಗೆ ಹೋದವನು ಸಿಗರೇಟು ಪ್ಯಾಕಿನ ಚಿತ್ರವನ್ನು ಯಾಕೆ ಜೇಬಿಗಿಟ್ಟುಕೊಂಡಾನು? ಅಂಗಡಿ ಮುಂದೆ ಬಿದ್ದದ್ದನ್ನು ಎತ್ತಿಕೊಂಡು, ಹೆಂಡತಿಯ ಕಣ್ಣಿಗೆ ಮಣ್ಣೆರಚಲು ಕಾಶಿಯದು ಎಂದಿರಬೇಕು. ಲೆಕ್ಕ ಬಿಡಿಸಿದರೆ ಬರುವ ಉತ್ತರ ಅದೇ. ಆದರೆ ಆ ಉತ್ತರವನ್ನು ತಂದು ಎಂಬತ್ತೇಳರ ಅಮ್ಮನ ಮುಂದೆ ಹೇಗೆ ಇಡಲಿ? ಅಜ್ಜಿ ಬದುಕಿಡೀ ಕಾಪಾಡಿದ ಮಾನವನ್ನು ನಾನು ಒಂದು ಮಧ್ಯಾಹ್ನದಲ್ಲಿ ಕಳೆಯಲೇ?

"ಏನೇ ಬಂದ್ರೂ ಕಾಶಿದೇ ಅಂದ್ಬಿಡು," ಎಂದರು ಯಜಮಾನರು. "ಅವರೇನು ಹೋಗಿ ವಿಚಾರಿಸ್ತಾರಾ?"

ಅಮ್ಮನಿಗೆ ಸುಳ್ಳು ಹೇಳಿ ದಕ್ಕಿಸಿಕೊಂಡವರಿಲ್ಲ. ಆದರೂ ನಾನು ಮನಸ್ಸಿನಲ್ಲಿ ಸುಳ್ಳನ್ನು ಹೊಸೆದಿಟ್ಟುಕೊಂಡೆ. ಪಾತ್ರೆ ತೊಳೆಯುವಾಗ ಅದನ್ನೇ ಹೇಳಿ ನೋಡಿಕೊಳ್ಳುತ್ತಿದ್ದೆ. ಒಂದು ಸಲ ಅಮ್ಮ ಹಿಂದೆ ಬಂದು ನಿಂತು, "ಯಾರ ಜೊತೆಗೆ ಮಾತಾಡ್ತಿದೀಯ?" ಎಂದಾಗ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು.

ಹಿರಿಯರು ಬಂದರು ಎಂದು ತಿಳಿದ ದಿನವೇ ಮೆಟ್ರೋ ಹತ್ತಿದೆ. ಕವರನ್ನು ಪರ್ಸಿನೊಳಗೆ, ಪರ್ಸನ್ನು ಚೀಲದೊಳಗೆ, ಚೀಲವನ್ನು ಎದೆಗೆ ಅವಚಿಕೊಂಡು ಕೂತಿದ್ದೆ. ಮಲ್ಲೇಶ್ವರದ ಅಡ್ಡರಸ್ತೆಯಲ್ಲಿ ಹಳೆಯ ಕಾಲದ ಮನೆ, ಮುಂದೆ ಸಂಪಿಗೆ ಮರ. ಅವರು ಯಾವುದೋ ಆಫೀಸಿನಿಂದ ನಿವೃತ್ತರಾದವರು, ಬಹಳ ಶಿಸ್ತಿನ ಮನುಷ್ಯ. ಮೊದಲು ಕೈತೊಳೆದು ಬನ್ನಿ ಎಂದರು. ತೊಳೆದು ಬಂದರೆ, ಒದ್ದೆ ಕೈಯಲ್ಲಿ ಮುಟ್ಟಬೇಡಿ ಎಂದರು. ಆಮೇಲೆ ಕಾಫಿ ಎಂದರು. ಕಾಫಿ ಕುಡಿಯುತ್ತ, ಬೆಂಕಿಪೊಟ್ಟಣದ ಲೇಬಲ್ಲುಗಳನ್ನು ತಾವು ಹೇಗೆ ಸೇರಿಸಿದ್ದು ಎಂದು ಶುರುಮಾಡಿದರು. ನನಗೋ ಒಲೆಯ ಮೇಲೆ ಹಾಲಿಟ್ಟು ಬಂದವಳ ಅವಸ್ಥೆ.

"ಸಾರ್, ಇದೊಂದು ನೋಡ್ಬಿಡಿ," ಎಂದೆ ಕಡೆಗೆ.

ಅವರು ಚಿತ್ರ ನೋಡಿದ ಕೂಡಲೇ ಎದ್ದು ಹೋಗಿ ಒಂದು ಆಲ್ಬಂ ತಂದರು. ಬಿಡಿಸಿ ತೋರಿಸಿದರು. ಅದೇ ಅನ್ನಪೂರ್ಣೆ, ಅದೇ ಸೌಟು, ಅದೇ ನದಿ, ಒಂದಲ್ಲ, ಎರಡು. ನನಗೆ ಯಾಕೋ ಮುಜುಗರವಾಯಿತು. ನಮ್ಮ ಮನೆಯಲ್ಲಿ ಮಾತ್ರ ಇರುವವಳು ಎಂದುಕೊಂಡವಳನ್ನು ಇನ್ನೊಬ್ಬರ ಮನೆಯಲ್ಲಿ ಸಾಲಾಗಿ ಕಂಡ ಹಾಗೆ.

"ಚಿತ್ರ ಒಂದೇ ಅಮ್ಮ. ಹಿಂಬದಿ ಬೇರೆ," ಎನ್ನುತ್ತ ಅವರು ಎರಡನ್ನೂ ಮಗುಚಿದರು. "ನೋಡಿ, ಇದ್ರಲ್ಲಿ ತಮಿಳು, ತೆಲುಗು. ಇದು ನಮ್ಮ ಕಡೆ ಮಾರಿದ್ದು. ಮದ್ರಾಸು, ಇಲ್ಲಿ ದಂಡಿನ ಅಂಗಡಿಗಳು, ಎಲ್ಲಾ ಇದೇ. ಇನ್ನೊಂದು ನಾಗರಿ, ಬಂಗಾಳಿ. ಇದು ಮೇಲ್ಗಡೆದು. ಕಾಶಿ, ಪಟ್ನಾ, ಕಲ್ಕತ್ತಾ. ಒಂದು ಕಡೆದು ಇನ್ನೊಂದು ಕಡೆ ಪ್ಯಾಕಲ್ಲಿ ಬರ್ತಿರ್ಲಿಲ್ಲ. ನಿಮ್ದು ಇವೆರಡರಲ್ಲಿ ಒಂದು."

"ಯಾವುದು ಸಾರ್?"

"ಕಾಗದ ಏಳಬೇಕಲ್ಲ."

ಅವರು ಒಂದು ಬ್ಲಾಟಿಂಗ್ ಪೇಪರನ್ನು ಬೆಚ್ಚನೆಯ ನೀರಿನಲ್ಲಿ ಅದ್ದಿ, ಹಿಂಡಿ, ಚಿತ್ರದ ಹಿಂಬದಿಗೆ ಹೊದಿಸಿದರು. ಮೇಲೆ ಒಂದು ಗಾಜು ಇಟ್ಟರು. ಮೈದಾ ಅಂಟು ಮೆತ್ತಗಾಗಲು ಸಮಯ ಬೇಕು ಎಂದರು. ಚಿತ್ರ ನೆನೆದು ಹಾಳಾದರೆ? ಬಣ್ಣ ಬಿಟ್ಟರೆ? ಅಮ್ಮನಿಗೆ ಉತ್ತರವೂ ಇಲ್ಲ, ಚಿತ್ರವೂ ಇಲ್ಲ ಎಂದಾದರೆ? ನಾನು ಕುರ್ಚಿಯ ಅಂಚಿನಲ್ಲಿ ಕೂತು ನೆಂಟರ ಮನೆಯ ಶ್ರಾದ್ಧಕ್ಕೆ ಬಂದವಳ ಹಾಗೆ ನೆಲ ನೋಡುತ್ತಿದ್ದೆ. ಅರ್ಧ ಮನಸ್ಸಿನ ಭಕ್ತೆ ನಾನು, ಅವತ್ತು ಪೂರ್ತಿ ಮನಸ್ಸಿನಿಂದ ಬೇಡಿಕೊಂಡೆ. ನಾಗರಿ ಬರಲಿ ತಾಯಿ, ನಾಗರಿ ಬರಲಿ.

ಕಂದು ಕಾಗದ ಕೆನೆಯ ಹಾಗೆ ಎದ್ದು ಬಂತು. ಅವರು ಚಿಮುಟದಲ್ಲಿ ಎಳೆಯುತ್ತ ಬಂದ ಹಾಗೆ ಮೊದಲು ಇಂಗ್ಲಿಷ್ ಸಾಲು ಪೂರ್ತಿಯಾಯಿತು. ಅದರ ಕೆಳಗೆ ಅಂಟಿನ ಕಲೆ, ಏನೂ ಕಾಣದು. ಮತ್ತೆ ಒದ್ದೆ ಹತ್ತಿಯಿಂದ ಮೆಲ್ಲಗೆ ಒತ್ತಿದರು. ಕಲೆಯೊಳಗಿಂದ ಒಂದು ಗೆರೆ ಕಂಡಿತು. ಅಡ್ಡಗೆರೆ. ಅದರ ಕೆಳಗೆ ಹಗ್ಗದ ಮೇಲೆ ಬಟ್ಟೆ ಒಣಹಾಕಿದಂತೆ ಅಕ್ಷರಗಳು.

"ನಾಗರಿ," ಎಂದರು ಅವರು.

ನನಗೆ ಹೋದ ಜೀವ ಬಂದ ಹಾಗಾಯಿತು. ಕಣ್ಣಲ್ಲಿ ನೀರೇ ಬಂತು. ಅವರು ಕಾರ್ಡನ್ನು ಬೆಳಕಿಗೆ ಹಿಡಿದು ಎಲ್ಲವನ್ನೂ ಓದಿದರು, ಬಂಗಾಳಿಯನ್ನೂ ಬಿಡಲಿಲ್ಲ. ಕೊನೆಗೆ ಕನ್ನಡಕ ತೆಗೆದು ಹೇಳಿದರು: "ಒಂದು ಮಾತು ನೆನಪಿರ್ಲಿ ನೋಡಿಮ್ಮ. ಕಾರ್ಡು ಎಲ್ಲೀದು ಅಂತ ನಾನು ಹೇಳ್ಬಹುದು. ಅದನ್ನ ತಂದೋರು ಯಾರು ಅಂತ ಹೇಳಕ್ಕಾಗಲ್ಲ. ರೈಲ್ವೆಯೋರು, ಮಿಲಿಟ್ರಿಯೋರು ಊರೂರು ತಿರುಗ್ತಿದ್ರು. ಕೈಯಿಂದ ಕೈಗೆ ಹೋಗಿರುತ್ತೆ."

ನಾನು ತಲೆಯಾಡಿಸಿದೆ. ಕೇಳಿಸಿಕೊಂಡೆ ಎನ್ನುವ ಹಾಗಿಲ್ಲ. ಕಾರ್ಡು ಒಣಗಲಿ ಎಂದು ಅವರು ಎರಡು ರಟ್ಟುಗಳ ನಡುವೆ ಇಟ್ಟು ಕಟ್ಟಿಕೊಟ್ಟರು. ನಾನು ಮೆಟ್ರೋದಲ್ಲಿ ಕೂರಲೂ ಆಗದೆ ಬಾಗಿಲ ಹತ್ತಿರ ನಿಂತೇ ಬಂದೆ. ನಮ್ಮ ಸೋದರತ್ತೆ ಬದುಕಿದ್ದರೆ ನೇರ ಅವಳ ಮನೆಗೇ ಹೋಗಿ ಕಾರ್ಡನ್ನು ಮುಖದ ಮುಂದೆ ಹಿಡಿಯುತ್ತಿದ್ದೆ. ಅಜ್ಜ ಕಾಶಿಗೆ ಹೋಗಿದ್ದ. ಸಿಗರೇಟು ಸೇದಿದ್ದನೋ, ಮೆಟ್ಟಿಲ ಮೇಲೆ ಬಿದ್ದದ್ದನ್ನು ದೇವರೆಂದು ಎತ್ತಿಕೊಂಡಿದ್ದನೋ, ಅದು ಅವನ ಕರ್ಮ. ಹೋಗಿದ್ದಂತೂ ನಿಜ.

ಅಮ್ಮ ಅಡುಗೆಮನೆಯಲ್ಲಿ ಕೂತು ನೆನೆಸಿದ ಅವರೆಕಾಳು ಹಿತುಕುತ್ತಿದ್ದಳು. ಬೆರಳಲ್ಲಿ ಒತ್ತಿದರೆ ಬೇಳೆ ಚಿಮ್ಮಿ ಪಾತ್ರೆಗೆ ಬೀಳುತ್ತಿತ್ತು. ನಾನು ಚಪ್ಪಲಿ ಬಿಟ್ಟು, ಕೈಕಾಲೂ ತೊಳೆಯದೆ ಒಳಗೆ ನುಗ್ಗಿದೆ.

"ಅಮ್ಮ, ಕಾಶಿ ಕಡೆದೇ. ನಾಗರಿ ಅಕ್ಷರ ಇದೆ, ಬಂಗಾಳಿ ಇದೆ. ನಮ್ಮ ಕಡೆ ಮಾರಿದ್ದೇ ಅಲ್ವಂತೆ. ದಂಡಲ್ಲಿ ಸಿಗೋದಾಗಿದ್ರೆ ತಮಿಳು ತೆಲುಗು ಇರ್ಬೇಕಿತ್ತಂತೆ. ಅಜ್ಜ ನಿಜವಾಗ್ಲೂ ಹೋಗಿದ್ರು."

ಅಮ್ಮನ ಬೆರಳು ನಿಂತಿತು. ಅವಳು ನನ್ನ ಮುಖ ನೋಡಿದಳು. ನಾನು ರಟ್ಟು ಬಿಚ್ಚಿ ಕಾರ್ಡನ್ನು ತೋರಿಸಿದೆ. ಅವಳು ಅದನ್ನು ಮುಟ್ಟಲಿಲ್ಲ.

"ಹೋಗಿದ್ರಾ?" ಎಂದಳು.

"ಹೂಂ ಅಮ್ಮ. ಊರೋರ ಮಾತೆಲ್ಲ ಸುಳ್ಳು."

ಅವಳು ನಗುತ್ತಾಳೆ, ಅಳುತ್ತಾಳೆ, ಅಜ್ಜಿಯ ಫೋಟೋದ ಕಡೆ ನೋಡುತ್ತಾಳೆ ಎಂದೆಲ್ಲ ದಾರಿಯುದ್ದಕ್ಕೂ ಎಣಿಸಿಕೊಂಡು ಬಂದಿದ್ದೆ. ಅವಳು ಪಾತ್ರೆಯನ್ನು ಪಕ್ಕಕ್ಕೆ ಸರಿಸಿ, ಕೈಯನ್ನು ಸೆರಗಿಗೆ ಒರೆಸಿಕೊಳ್ಳತೊಡಗಿದಳು. ಕೈ ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಮೈ ಸರಿಯಿಲ್ಲವೇನೋ, ಸಕ್ಕರೆ ಇಳಿಯಿತೇನೋ ಎಂದು ನನಗೆ ಗಾಬರಿಯಾಯಿತು. ಪಕ್ಕದಲ್ಲಿ ಕೂತು ಬೆನ್ನು ಸವರಿದೆ.

"ನಾನು ನಂಬಿರ್ಲಿಲ್ಲ ಕಣೆ," ಎಂದಳು.

"ಏನನ್ನ?"

"ಕಾಶಿಗೆ ಹೋಗಿದ್ರು ಅನ್ನೋದನ್ನ. ಚಿಕ್ಕೋಳಿದ್ದಾಗ್ಲೇ ನಂಬಿರ್ಲಿಲ್ಲ. ಹೆಂಡತಿ ಬಸುರಿ, ಬಿಟ್ಟು ಹೋದ್ರು. ನಾನು ಹುಟ್ಟಿದಾಗ ಇಲ್ಲ. ಗಂಗೆ ತರ್ಲಿಲ್ಲ. ಊರೆಲ್ಲ ಹೇಳೋದು ಸುಳ್ಳಾಗುತ್ತಾ ಅಂತ ನಂಗೆ. ಮೊನ್ನೆ ಅಂಗಡೀಲಿ ಅವರು ಸಿಗರೇಟು ಅಂದ್ರಲ್ಲ, ಆಗ ಸಮಾಧಾನ ಆಯ್ತು. ಸದ್ಯ, ನಾನು ತಿಳ್ಕೊಂಡಿದ್ದೇ ಸರಿ ಅಂತ. ಅದನ್ನ ಖಾತ್ರಿ ಮಾಡ್ಕೊಳ್ಳಕ್ಕೇ ನಿನ್ನ ಕಳಿಸಿದ್ದು."

"ಮತ್ತೆ ಬಂದೋರಿಗೆಲ್ಲ ಹೇಳ್ತಿದ್ಯಲ್ಲಮ್ಮ."

"ನಮ್ಮಮ್ಮ ಹೇಳ್ತಿದ್ಲು, ನಾನೂ ಹೇಳ್ದೆ. ನಾನೂ ಹೇಳ್ದೆ ಇದ್ರೆ ಅವಳ ಮಾನ ಎಲ್ಲಿ ಉಳೀತಿತ್ತು?"

ಆಮೇಲೆ ಗೋಡೆಯ ಕಡೆ ನೋಡುತ್ತ ಹೇಳಿದಳು.

"ನೀನು ಕೂಸು ಆಗ. ಪ್ರಾಣ ಹೋಗೋ ಕಾಲಕ್ಕೆ ಅಪ್ಪ ಹೇಳಿ ಕಳಿಸಿದ್ರು, ಮಗಳನ್ನ ಒಂದ್ಸಲ ನೋಡ್ಬೇಕು ಅಂತ. ಮತ್ತೆ ಮತ್ತೆ ಕಳಿಸಿದ್ರು. ಬಳೇಪೇಟೆ ಎಷ್ಟು ದೂರ? ನಿನ್ನ ಎತ್ಕೊಂಡು ನಡ್ಕೊಂಡೇ ಹೋಗ್ಬಹುದಿತ್ತು. ಹೋಗ್ಲಿಲ್ಲ. ಕಾಶಿಗೆ ಹೋಗ್ಬಂದೋರಿಗೆ ಮಗಳು ಯಾಕೆ, ವಿಶ್ವನಾಥನ್ನೇ ಕರ್ಕೊಳ್ಳಿ ಅಂತ ಹೇಳಿ ಕಳಿಸ್ದೆ. ಹೇಳಕ್ಕೆ ಬಂದಿದ್ದೋರು ಅದನ್ನ ಹಾಗೇ ಹೋಗಿ ಹೇಳಿದ್ರಂತೆ. ಅದಾದ್ಮೇಲೆ ಕರೀಲಿಲ್ಲ ಅವರು."

ನನ್ನ ಕೈ ಅವಳ ಬೆನ್ನ ಮೇಲೇ ಇತ್ತು. ಒಂದು ವಾರದಿಂದ ನಾನು ಏನನ್ನು ಬೇಡಿಕೊಂಡೆನೋ ಅದನ್ನೇ ತಂದು, ಓಡೋಡಿ ಬಂದು, ಅವಳ ಮಡಿಲಿಗೆ ಹಾಕಿದ್ದೆ. ಆಗ ಹಿರಿಯರು ಕನ್ನಡಕ ತೆಗೆದು ಹೇಳಿದ ಮಾತು ತಟ್ಟನೆ ನೆನಪಾಯಿತು. ಮುಳುಗುವವಳಿಗೆ ಕಡ್ಡಿ ಸಿಕ್ಕಂತೆ ಅದನ್ನು ಹಿಡಿದುಕೊಂಡೆ.

"ಅಮ್ಮ, ಅವರು ಇನ್ನೊಂದು ಮಾತೂ ಹೇಳಿದ್ರು. ಕಾರ್ಡು ಆ ಕಡೆದಾದ್ರೂ, ಅಜ್ಜನೇ ಅಲ್ಲಿಂದ ತಂದ್ರು ಅಂತ ಹೇಳಕ್ಕಾಗಲ್ವಂತೆ. ರೈಲ್ವೆಯೋರು, ಮಿಲಿಟ್ರಿಯೋರು ಎಲ್ಲಾ ಕಡೆ ತಗೊಂಡು ಹೋಗ್ತಿದ್ರಂತೆ. ದಂಡಲ್ಲಿ ಮಿಲಿಟ್ರಿಯೋರು ಎಷ್ಟು ಜನ ಇದ್ರು. ಅವರಲ್ಲಿ ಯಾರೋ ಕೊಟ್ಟಿರ್ಬಹುದು. ಅಜ್ಜ ಹೋಗ್ದೇನೂ ಇರ್ಬಹುದು ಅಮ್ಮ."

ಹೇಳುತ್ತ ಹೇಳುತ್ತ ನನ್ನ ದನಿ ನನಗೇ ಅಸಹ್ಯವಾಯಿತು. ಮಲ್ಲೇಶ್ವರದಿಂದ ಚಾಮರಾಜಪೇಟೆವರೆಗೂ ಅಜ್ಜನನ್ನು ಕಾಶಿಯಲ್ಲಿ ನಿಲ್ಲಿಸಿಕೊಂಡು ಬಂದವಳು, ಈಗ ಅವನ ರಟ್ಟೆ ಹಿಡಿದು ದಂಡಿಗೆ ಎಳೆಯುತ್ತಿದ್ದೆ.

ಅಮ್ಮ ನನ್ನ ಕೈಯನ್ನು ಬೆನ್ನಿನಿಂದ ತೆಗೆದು ಕೆಳಗಿಟ್ಟಳು.

"ಸಾಕು ಬಿಡು," ಎಂದಳು. "ನಂಗೆ ಸಮಾಧಾನ ಆಗ್ಲಿ ಅಂತ ನಮ್ಮಪ್ಪನ್ನ ಇನ್ನೊಂದ್ಸಲ ಸುಳ್ಳುಗಾರ ಮಾಡ್ಬೇಡ."